ಕೌದಿಯೊಳಗಿನ ಕ್ಯಾಮೆರಾ

ಇವತ್ತು ಬೆಳಗ್ಗೆ ದೋಸೆಗೆ ಅಕ್ಕಿ ನೆನೆಹಾಕಿದೆ. ನಳದಲ್ಲಿ ನೀರು ಬಂದಿತ್ತು, ಎರಡು ಡ್ರಮ್ಮು ತುಂಬಿಸಿದೆ. ಶೇಂಗಾ ಹುರಿದು ಸಿಪ್ಪೆ ತೆಗೆದೆ, ಅಕ್ಕನ ಇಳಕಲ್ ಸೀರೆಯ ಸೆರಗು ಬಿಚ್ಚಿತ್ತು, ಹೊಲಿದೆ. ಭಾವನವರ ಕರಿ ಅಂಗಿಗೆ ಇಸ್ತ್ರಿ ಹಾಕಿ, ಬಿಳಿ ಗುಂಡಿ ಕಿತ್ತು ಕರಿ ಗುಂಡಿ ಹಚ್ಚಿದೆ. ಕತ್ತಲಲ್ಲಿ ಬಿಳಿ ಗುಂಡಿ ಮಿನುಗಿದರೆ ಹಾಡುವವರಿಗೆ ತೊಂದರೆಯಂತೆ!

ಭಾವ ಅಂದರೆ ನಮ್ಮ ಯಜಮಾನರ ಅಣ್ಣ, ಅಕ್ಕ ಅವರ ಹೆಂಡತಿ. ಎಲ್ಲರದೂ ಒಂದೇ ಮನೆ, ಒಂದೇ ಒಲೆ. ದಾವಣಗೆರೆಯಲ್ಲಿ ಹಗಲೆಲ್ಲ ಬಲ್ಬು, ಟ್ಯೂಬ್‌ಲೈಟು ಮಾರುವ ಮನುಷ್ಯ ಸಂಜೆಯಾಯಿತೆಂದರೆ ಕತ್ತಲು ಎಲ್ಲಿದೆ ಎಂದು ಹುಡುಕಿಕೊಂಡು ಹೋಗುವುದನ್ನು ನೀವು ಕಂಡಿದ್ದೀರಾ? ನಾವು ಹದಿನೈದು ವರ್ಷದಿಂದ ಕಾಣುತ್ತಿದ್ದೇವೆ. ಇಪ್ಪತ್ತು ಜನ ಕೂರುವ ಕೋಣೆ, ಒಂದು ಹಳದಿ ಬಲ್ಬು, ಅದರಡಿ ಯಾರೋ ಹಾಡುತ್ತಿರಬೇಕು. ಅಲ್ಲಿ ನಮ್ಮ ಭಾವ ಫೋಟೊ ತೆಗೆಯುತ್ತಿರುತ್ತಾರೆ. ಫ್ಲ್ಯಾಶ್ ಇಲ್ಲದೆ. ಅದರ ಮೇಲೆ ಕರಿ ಟೇಪು ಸುತ್ತಿಟ್ಟಿದ್ದಾರೆ.

ಬೆಳಕಷ್ಟೇ ಅಲ್ಲ, ಸದ್ದೂ ಆಗಬಾರದು. ಕ್ಯಾಮೆರಾದ ಚಟಕ್ ಸದ್ದು ಹೊರಗೆ ಬರಬಾರದೆಂದು ನಾನು ಹಳೆ ಸೀರೆ ಸೇರಿಸಿ ಹೊಲಿದ ಕೌದಿಗೆ ತೂತು ಕೊರೆದು, ಕ್ಯಾಮೆರಾವನ್ನು ಅದರಲ್ಲಿ ಸುತ್ತಿ, ತೂತಿನಿಂದ ಮೂತಿ ಮಾತ್ರ ಹೊರಗೆ ಬಿಟ್ಟು ಎದೆಗವುಚಿಕೊಂಡು ಕೂರುತ್ತಾರೆ. ಒಮ್ಮೆ ಭಜನೆಯಲ್ಲಿ ಪಕ್ಕದ ಹೆಂಗಸು ಕೇಳಿದರಂತೆ:

"ಕೂಸು ಮಲಗೈತೇನ್ರೀ?"

"ಹ್ಞೂನ್ರೀ, ಈಗ ಮಲಗೈತೆ."

"ಎಷ್ಟು ತಿಂಗಳದ್ದು?"

"ಆರು ವರ್ಷ ಆತ್ರೀ."

ಆಯಮ್ಮ ಎದ್ದು ಬೇರೆ ಕಡೆ ಹೋಗಿ ಕೂತರಂತೆ.

ಕೌದಿಯೂ ಸಾಲದು. ಒತ್ತುವುದು ತಬಲದ ಜೋರು ಪೆಟ್ಟು ಬೀಳುವಾಗ ಮಾತ್ರ. ಆ ಪೆಟ್ಟಿನೊಳಗೆ ಇವರ ಚಟಕ್ ಮುಳುಗಿ ಹೋಗಬೇಕು. ಹಾಗಾಗಿ ಅವರ ಫೋಟೊಗಳಲ್ಲಿ ತಬಲದವರ ಕೈ ಸದಾ ತಬಲದ ಮೇಲೇ. ಹದಿನೈದು ವರ್ಷದಲ್ಲಿ ಒಬ್ಬ ತಬಲದವನೂ ಕೈ ಎತ್ತಿದ್ದಿಲ್ಲ!

ಇನ್ನೊಮ್ಮೆ ಸರಸ್ವತಿ ನಗರದ ಕಾಫಿ ಅಂಗಡಿಯೊಂದರಲ್ಲಿ ಕಾಲೇಜು ಹುಡುಗರ ಗಿಟಾರ್ ಕಾರ್ಯಕ್ರಮ. ಕತ್ತಲು ಬಹಳ ಚೆನ್ನಾಗಿದೆ ಎಂದು ಖುಷಿಯಿಂದ ಹೋದರು. ತಬಲ ಇಲ್ಲ, ಡ್ರಮ್ಮೂ ಇಲ್ಲ. ಒತ್ತುವುದು ಯಾವಾಗ? ಒಂದೂವರೆ ತಾಸು ಕೌದಿ ಅಪ್ಪಿಕೊಂಡು ಬೆವರಿದ ಮೇಲೆ ಅಂಗಡಿಯವನು ಮಿಲ್ಕ್‌ಶೇಕಿಗೆ ಮಿಕ್ಸಿ ಹಾಕಿದ. ಭಾವ ಒತ್ತಿದರು. ಆ ಒಂದೇ ಫೋಟೊದಲ್ಲಿ ಹುಡುಗ ಹಾಡು ನಿಲ್ಲಿಸಿ ಮಿಕ್ಸಿಯ ಕಡೆ ದುರುಗುಟ್ಟಿ ನೋಡುತ್ತಿದ್ದಾನೆ.

ಅಲ್ಲಿಂದ ಮನೆಯಲ್ಲೂ ಅದೇ ಅಭ್ಯಾಸ. ಅಡುಗೆಮನೆಯ ಲೈಟು ಆರಿಸಿ ಬಾಗಿಲ ಸಂದಿಯಲ್ಲಿ ನಿಂತಿರುತ್ತಾರೆ, ನಾನು ಮಿಕ್ಸಿ ಒತ್ತಿದಾಗ ಅವರು ಕ್ಯಾಮೆರಾ ಒತ್ತುತ್ತಾರೆ. ಹೀಗೆ ನಮ್ಮ ಮನೆಯ ಆಲ್ಬಮ್ಮಿನಲ್ಲಿ ನಾನು ಚಟ್ನಿ ರುಬ್ಬದೆ ಇರುವ ಫೋಟೊ ಒಂದೂ ಇಲ್ಲ.

"ಇಷ್ಟು ಬಲ್ಬು ಮಾರ್ತೀರಿ, ಒಂದು ಹಚ್ಚಿ ತೆಗೀರಿ ಭಾವ," ಎಂದರೆ, "ಬ್ಯಾಡವ್ವ, ಬೆಳಕಿನಾಗೆ ಯಾರು ಬೇಕಾದ್ರೂ ತೆಗೀತಾರೆ," ಎನ್ನುತ್ತಾರೆ.

ನಿಜವಾದ ಕಾರಣ ಅದಲ್ಲ. ಹದಿನೈದು ವರ್ಷದ ಹಿಂದೆ ಹದಡಿಯಲ್ಲಿ ನೆಂಟರ ಮನೆಯ ತೊಟ್ಟಿಲ ಕಾರ್ಯದಲ್ಲಿ ಅಕ್ಕ ವಚನ ಹಾಡುತ್ತಿದ್ದಳು. ಆಗ ಅವಳು ಕರೆದಲ್ಲೆಲ್ಲ ಹಾಡುತ್ತಿದ್ದವಳು. ಮೂರನೇ ಸಾಲಿಗೆ ಬಂದಾಗ ಮುಖದ ಮುಂದೆಯೇ ಫ್ಲ್ಯಾಶ್ ಹೊಡೆಯಿತು. ಸಾಲು ಮರೆತಳು. ಮತ್ತೆ ಮೊದಲಿನಿಂದ ಎತ್ತಿಕೊಂಡಳು, ಮತ್ತೆ ಅಲ್ಲೇ ನಿಂತಳು. ಜನ ನಕ್ಕರು. ಆಮೇಲೆ ಅಡುಗೆಮನೆ ಬಿಟ್ಟು ಎಲ್ಲೂ ಬಾಯಿ ತೆರೆಯಲಿಲ್ಲ. ಆ ಫ್ಲ್ಯಾಶ್ ಹೊಡೆದವರು ಹೊಸ ಕ್ಯಾಮೆರಾ ಕೊಂಡ ಹುರುಪಿನಲ್ಲಿದ್ದ ನಮ್ಮ ಭಾವ. ಕರಿ ಟೇಪು ಬಂದದ್ದು ಮಾರನೇ ದಿನ.

ಹೋದ ತಿಂಗಳು ಹರಿಹರದ ತಬಲಾ ಮೇಷ್ಟ್ರು ನಮ್ಮಲ್ಲಿ ಊಟಕ್ಕೆ ಬಂದಿದ್ದರು. ಒಳಗಿಂದ ಅಕ್ಕನ ಗುನುಗು ಕೇಳಿ, "ನಮ್ಮ ಕೋಣೆಗೆ ಬಂದು ಒಂದು ಹಾಡ್ರಿ," ಎಂದು ಬಿಡದೆ ಒಪ್ಪಿಸಿದರು. ಅದು ಇವತ್ತು. ಅಕ್ಕ ಆರಿಸಿಕೊಂಡದ್ದೂ ಅದೇ ವಚನ.

ಸಂಜೆ ಹರಿಹರದ ಬಸ್ಸಿನಲ್ಲಿ ಅಕ್ಕ ಕೇಳಿದಳು: "ರೀ, ಕ್ಯಾಮೆರಾ ತಂದೀರೇನು?"

"ತಂದೀನಿ. ಬ್ಯಾಡ ಅಂದ್ರೆ ಬಿಚ್ಚಲ್ಲ."

"ಬಿಚ್ರಿ. ಇಷ್ಟು ವರ್ಷ ಊರೋರ್ದೆಲ್ಲ ತೆಗ್ದೀರಿ."

ಮೇಷ್ಟ್ರ ಮಹಡಿಯ ಕೋಣೆಯಲ್ಲಿ ಒಂದೇ ಬಲ್ಬು, ಕೆಳಗೆ ಜಮಖಾನ. ಅಕ್ಕ ಕಣ್ಣು ಮುಚ್ಚಿ ಶುರು ಮಾಡಿದಳು. ದನಿ ಸ್ವಲ್ಪ ನಡುಗಿತು. ಭಾವ ಗೋಡೆಗೊರಗಿ, ಕೌದಿಯೊಳಗೆ ಬೆರಳಿಟ್ಟು ಕೂತಿದ್ದರು. ಮೊದಲ ಸಾಲಾಯಿತು, ಎರಡನೆಯದಾಯಿತು. ಮೂರನೆಯದು ಹತ್ತಿರ ಬಂತು. ಮೇಷ್ಟ್ರ ಕೈ ಮೇಲೆದ್ದಿತು, ಜೋರು ಪೆಟ್ಟು ಬೀಳಲಿತ್ತು. ಭಾವ ಹದಿನೈದು ವರ್ಷ ಕಾದದ್ದು ಈ ಪೆಟ್ಟಿಗೇ ತಾನೆ?

ಅವರು ಕೌದಿಯಿಂದ ಕೈ ಹೊರಗೆ ತೆಗೆದುಬಿಟ್ಟರು.

ಪೆಟ್ಟು ಬಿತ್ತು. ಅಕ್ಕ ಮೂರನೇ ಸಾಲು ದಾಟಿದಳು. ನಾಲ್ಕನೆಯದಕ್ಕೆ ದನಿ ಬಿಚ್ಚಿಕೊಂಡಿತು.

ನಾನು ತಿವಿದೆ. "ಭಾವ, ಒತ್ರಿ."

"ಸುಮ್ಕಿರವ್ವ. ಕೇಳಾಕತ್ತೀನಿ."

ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಕನ್ನಡಕ ತೆಗೆದು ಆ ಕೌದಿಯಲ್ಲೇ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಲಿಲ್ಲ ಎಂದುಕೊಂಡಿದ್ದಾರೆ.

ವಾಪಸು ಬರುವಾಗ ಅಕ್ಕ, "ಬಂತಾ ಫೋಟೊ?" ಎಂದಳು.

"ಎಲ್ಲೀದು. ಬೆಳಕು ಸಾಲಲಿಲ್ಲ."

ಅಕ್ಕ ಕಿಟಕಿಯ ಕಡೆ ತಿರುಗಿದಳು. "ಹಂಗಾದ್ರೆ ಇನ್ನೊಂದ್ಸಲ ಹಾಡಬೇಕಾತು," ಎಂದಳು.

ಮನೆಗೆ ಬಂದು ಮಂಡಕ್ಕಿ ಒಗ್ಗರಣೆ ಕಲಸಿದೆ, ಬೆಳಗಿನ ಅನ್ನಕ್ಕೆ ಸಾರು ಬಿಸಿ ಮಾಡಿದೆ, ಶೇಂಗಾ ಚಟ್ನಿ ರುಬ್ಬಿದೆ. ಮಿಕ್ಸಿ ತಿರುಗಿದರೂ ಯಾರೂ ಫೋಟೊ ತೆಗೆಯಲಿಲ್ಲ. ಮೊದಲು ಮಲಗಿದವಳು ಅಕ್ಕ. ಭಾವ ಕ್ಯಾಮೆರಾ ಬಿಚ್ಚಿಟ್ಟು ಆ ಕೌದಿಯನ್ನು ಅವಳಿಗೆ ಹೊದಿಸಿದರು. ತೂತಿನಿಂದ ಅವಳ ಕಾಲುಂಗುರ ಕಾಣುತ್ತಿತ್ತು.