ಅಪ್ಪನ ಏಕೈಕ ಗಿರಾಕಿ

ಮನೆಯಲ್ಲಿ ಮರೆವಿನ ಕಾಯಿಲೆಯವರೊಬ್ಬರಿದ್ದರೆ ನಿದ್ದೆ ಸಿಗುವುದಿಲ್ಲ, ನೆಮ್ಮದಿ ಸಿಗುವುದಿಲ್ಲ, ಸಲಹೆ ಮಾತ್ರ ಬೇಡವೆಂದರೂ ಸಿಗುತ್ತದೆ. ಬೊರಿವಲಿಯ ನಮ್ಮ ಬಿಲ್ಡಿಂಗಿನ ಲಿಫ್ಟ್ ಕೆಳಗಿನಿಂದ ಐದನೇ ಮಹಡಿ ತಲುಪುವಷ್ಟರಲ್ಲಿ ನನಗೆ ಕಡಿಮೆಯೆಂದರೂ ಎರಡು ಸಲಹೆ ಸಿಕ್ಕಿರುತ್ತವೆ. ಮೂರನೇ ಮಹಡಿಯವರು ಬ್ರಾಹ್ಮಿ ಎಲೆ ಅರೆದು ಕುಡಿಸಿ ಎಂದರು. ಕುಡಿಸಿದೆ. ಅಪ್ಪ ಅದನ್ನು ಚಟ್ನಿಯೆಂದು ತಿಳಿದು ಉಪ್ಪು ಸಾಲದು ಎಂದರು. ನಾಲ್ಕನೇ ಮಹಡಿಯವರು ದಿನವೂ ಚೌಕದಲ್ಲಿ ಅಂಕಿ ತುಂಬುವ ಆಟ ಆಡಿಸಿ ಎಂದರು. ಅಪ್ಪ ಅದನ್ನು ಮುಟ್ಟಲಿಲ್ಲ. ಮಾದರಿ ತೋರಿಸಲು ಕುಳಿತ ನಾನು ಅರ್ಧ ಗಂಟೆಯಲ್ಲಿ ಪೆನ್ಸಿಲ್ ಮುರಿದು ಎದ್ದೆ. ಇಷ್ಟಾದರೂ ಬುದ್ಧಿ ಬಾರದ ನಾನು ಕೊನೆಗೆ ಸ್ವಂತ ಮಗಳ ಸಲಹೆ ಕೇಳಿ ಪೂರ್ತಿ ಕೆಟ್ಟೆ.

"ಪಪ್ಪಾ, ಸೀರಿಯಸ್ಲಿ, ಎಲ್ಲಾ ಕಡೆ ಹಾಗೇ ಬರ್ದಿದಾರೆ. ಮನೇಲಿ ಪೆಟ್ ಇದ್ರೆ ಅಜ್ಜ ಶಾಂತ್ ಆಗ್ತಾರೆ. ಏಕ್ ಡಾಗ್ ಲಾತೇ ಹೈ ನಾ!" ಎಂದಳು ಅವಳು, ಮೊಬೈಲಿನಿಂದ ಕಣ್ಣೆತ್ತದೆ. ನಾಯಿಯ ಹೆಸರೆತ್ತಿದರೇ ಸಿಡುಕುವ ನಾನು ಆ ದಿನ ಒಪ್ಪಿದ್ದಕ್ಕೆ ಕಾರಣವಿತ್ತು. ಅಪ್ಪ ಉಡುಪಿ ಕಡೆಯವರು. ಗ್ರಾಂಟ್ ರೋಡಿನ ಹೋಟೆಲೊಂದರ ಗಲ್ಲಾದ ಮೇಲೆ ನಲವತ್ತು ವರ್ಷ ಕೂತವರು. ಆ ಹೋಟೆಲಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಆದರೆ ಮಧ್ಯಾಹ್ನ ಮೂರಾಯಿತೆಂದರೆ ಅಪ್ಪ ಬಿಳಿ ಅಂಗಿ ತೊಟ್ಟು "ಗಲ್ಲಾಕ್ಕೆ ಹೊತ್ತಾಯ್ತು" ಎಂದು ಹೊರಟುಬಿಡುತ್ತಿದ್ದರು. ವಿಕ್ರೋಳಿಯ ಆಫೀಸಿನಿಂದ ಹೋದ ವರ್ಷವಷ್ಟೇ ನಿವೃತ್ತನಾದ ನನಗೆ ಊಟವಾದ ಮೇಲೆ ಕಣ್ಣು ತೂಗುವ ಚಾಳಿ. ಎರಡು ಸಲ ನಾನು ತೂಕಡಿಸಿದಾಗ ಅಪ್ಪ ಬಾಗಿಲು ತೆರೆದು ಹೋದರು. ಒಮ್ಮೆ ಸ್ಟೇಷನ್ನಿನ ಸೇತುವೆಯ ಮೇಲೆ ಸಿಕ್ಕಿದರು. ಇನ್ನೊಮ್ಮೆ ಲೋಕಲ್ ಹತ್ತಿ ಅಂಧೇರಿ ತಲುಪಿದ್ದರು. ಜೇಬಿನ ಚೀಟಿ ನೋಡಿ ಯಾರೋ ಪುಣ್ಯಾತ್ಮರು ಫೋನ್ ಮಾಡುವವರೆಗಿನ ಆ ಎರಡು ಗಂಟೆಯನ್ನು ನಾನು ಸಾಯುವವರೆಗೂ ಮರೆಯಲಾರೆ. ಅಪ್ಪ ಮನೆಗೆ ಬಂದು ಹತ್ತೇ ನಿಮಿಷಕ್ಕೆ ಮರೆತರು. ಮೂರನೇ ಸಲ ಹೋದರೆ ಸಿಗುತ್ತಾರೆಂಬ ಧೈರ್ಯ ನನಗಿರಲಿಲ್ಲ. ಅಪ್ಪನನ್ನು ಮನೆಯಲ್ಲಿ ಹಿಡಿದಿಡುವುದಾದರೆ ನಾಯಿಯೇನು, ಕತ್ತೆಯನ್ನು ತಂದರೂ ಸರಿ ಎನ್ನುವ ಸ್ಥಿತಿ ನನ್ನದು.

ಹಾಗೆ ಬಂದದ್ದು ಬ್ರೂನೋ. ಪಕ್ಕದ ವಿಂಗಿನವರು ಪುಣೆಗೆ ಮನೆ ಬದಲಿಸುವಾಗ ಬಿಟ್ಟುಕೊಟ್ಟ ಏಳು ವರ್ಷದ ಕಂದು ನಾಯಿ. ಬೊಗಳುವುದಕ್ಕೂ ಸೋಮಾರಿತನ, ಅಷ್ಟು ಸಾಧು. ಆದರೆ ನಮ್ಮ ಮನೆಯ ಇಷ್ಟೊಂದು ಬುದ್ಧಿವಂತರಲ್ಲಿ ಒಬ್ಬರಿಗೂ ಒಂದು ವಿಷಯ ಹೊಳೆಯಲಿಲ್ಲ. ಗಲ್ಲಾದಲ್ಲಿ ಕೂತವರಿಗೆ ದುಡ್ಡು ಎಣಿಸುವುದರ ಜೊತೆ ಇನ್ನೊಂದು ಕೆಲಸವಿರುತ್ತದೆ: ಹೋಟೆಲಿನ ಬಾಗಿಲಿಗೆ ಬಂದ ಬೀದಿನಾಯಿಗಳನ್ನು ಓಡಿಸುವುದು. ಅದಕ್ಕೆಂದೇ ಅಪ್ಪನ ಕೈಯಳತೆಯಲ್ಲಿ ಸದಾ ಒಂದು ಲೋಟ ನೀರಿರುತ್ತಿತ್ತು. ಬ್ರೂನೋ ಬಾಲ ಅಲ್ಲಾಡಿಸುತ್ತ ಒಳಗೆ ಕಾಲಿಟ್ಟದ್ದೇ ತಡ, ಮಗನ ಹೆಸರು ಮರೆತ ಅಪ್ಪನಿಗೆ ಗುರಿ ಮಾತ್ರ ಮರೆತಿರಲಿಲ್ಲ. "ಹಚಾ! ಹೋಟ್ಲಿಗೆ ನಾಯಿ ನುಗ್ಗಿದ್ರೆ ಗಿರಾಕಿ ಬರ್ತಾರಾ ಮಾರಾಯ?" ಎಂದು ಮುಖಕ್ಕೇ ನೀರೆರಚಿದರು. ಓಡಿಸಿದ್ದನ್ನು ಮರೆತು ಮತ್ತೆ ಓಡಿಸಿದರು. ಮೊದಲ ದಿನ ಬ್ರೂನೋಗೆ ಒಂಬತ್ತು ಸ್ನಾನ, ನನಗೆ ಒಂಬತ್ತು ಸಲ ನೆಲ ಒರೆಸುವ ಭಾಗ್ಯ.

ಮೂರನೇ ದಿನ ಒದ್ದೆ ನೆಲದ ಸಹವಾಸವೇ ಬೇಡವೆಂದು ಬ್ರೂನೋ ಊಟದ ಟೇಬಲ್ಲಿನ ಕುರ್ಚಿ ಹತ್ತಿ ಕುಳಿತ. ಲೋಟ ಹಿಡಿದು ಬಂದ ಅಪ್ಪ ಗಕ್ಕನೆ ನಿಂತರು. ಅದೇ ಲೋಟವನ್ನು ಮೆಲ್ಲಗೆ ಅವನ ಮುಂದಿಟ್ಟು, ಹೆಗಲ ಮೇಲಿನ ಟವೆಲಿನಿಂದ ಟೇಬಲ್ ಒರೆಸಿ, "ಬನ್ನಿ ಸೇಠ್, ಎಂತ ಕೊಡ್ಲಿ? ಇಡ್ಲಿ, ವಡೆ, ಸಾದಾ, ಮಸಾಲಾ, ಉಪ್ಪಿಟ್ಟು, ಶಿರಾ, ಎಲ್ಲ ಬಿಸಿ ಉಂಟು" ಎಂದು ಒಂದೇ ಉಸಿರಿಗೆ ಒಪ್ಪಿಸಿದರು. ಬಾಗಿಲಲ್ಲಿ ನಿಂತದ್ದು ನಾಯಿ, ಕುರ್ಚಿಯಲ್ಲಿ ಕೂತದ್ದು ಗಿರಾಕಿ. ಅಪ್ಪನ ಧಂದೆಯಲ್ಲಿ ಮೂರನೇ ಜಾತಿಯೇ ಇರಲಿಲ್ಲ. ಆ ಮಧ್ಯಾಹ್ನ ಮೂರು ಹೊಡೆದಾಗ ನಾನು ತೂಕಡಿಸದೆ ಕಾದೆ. ಅಪ್ಪ ಬಿಳಿ ಅಂಗಿ ತೊಟ್ಟರು, ಬಾಗಿಲ ಕಡೆಗೆ ನೋಡಿದರು, ಬ್ರೂನೋ ಕಡೆಗೂ ನೋಡಿದರು. "ಗಿರಾಕಿ ಕೂತಿರುವಾಗ ಎದ್ದು ಹೋಗುದು ಸರಿಯಲ್ಲ" ಎಂದು ಅಲ್ಲೇ ಕುಳಿತರು. ನನಗೆ ಬ್ರೂನೋನ ಕಾಲಿಗೆ ಬೀಳುವಷ್ಟು ಸಂತೋಷವಾಯಿತು.

ಆ ಸಂತೋಷ ಒಂದು ತಿಂಗಳೂ ಬಾಳಲಿಲ್ಲ. ಅಪ್ಪನಿಗೆ ಬಡಿಸಿದ್ದು ನೆನಪಿರುವುದಿಲ್ಲ. ಬ್ರೂನೋಗೆ ತಿಂದದ್ದು ನೆನಪಿರುವುದಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಆರು ಸಲ ತಿಂಡಿ, ಮೇಲೆ ಶಿರಾ. ಮನೆಗೆಂದು ಮಾಡಿಟ್ಟ ಇಡ್ಲಿಯೆಲ್ಲ ಅವನ ಹೊಟ್ಟೆಗೆ, ನನಗೆ ಬರೀ ಚಟ್ನಿ. ಬ್ರೂನೋ ಕುರ್ಚಿಯಿಂದ ಇಳಿಯಲೂ ಏದುಸಿರು ಬಿಡತೊಡಗಿದಾಗ ಪಶುವೈದ್ಯೆಯ ಬಳಿ ಕರೆದೊಯ್ದೆ. ಆಕೆ ನನ್ನನ್ನು ಕೊಲೆಗಾರನಂತೆ ನೋಡಿ, "ಅಂಕಲ್, ಮಾರ್ ಡಾಲೋಗೇ ಕ್ಯಾ ಇಸ್‌ಕೋ?" ಎಂದು ರೇಗಿದರು. ಲಿವರ್ ಊದಿದೆಯಂತೆ. ಹೀಗೇ ನಡೆದರೆ ನಾಯಿ ಉಳಿಯುವುದಿಲ್ಲವಂತೆ. ತಿನ್ನಿಸುವುದು ನಿಲ್ಲಿಸಲಾಗದಿದ್ದರೆ ಬೇರೆ ಮನೆ ನೋಡಿ ಎಂದರು. ಅದೇ ವಾರ ಅಪ್ಪನ ಡಾಕ್ಟರು ಬಿಪಿ ನೋಡಿ, "ಭೇಷ್! ಏನು ಮಾಡ್ತಿದ್ದೀರೋ ಅದನ್ನೇ ಮಾಡಿ, ನಾಯಿಯನ್ನು ಮಾತ್ರ ಕಳಿಸಬೇಡಿ" ಎಂದರು. ನಾಯಿಯನ್ನು ಉಳಿಸಲು ಹೋದರೆ ಅಪ್ಪ ಸ್ಟೇಷನ್ನಿಗೆ, ಅಪ್ಪನನ್ನು ಉಳಿಸಲು ಹೋದರೆ ನಾಯಿ ಸ್ವರ್ಗಕ್ಕೆ. ಇಬ್ಬರು ಡಾಕ್ಟರುಗಳ ನಡುವೆ ನಾನೊಬ್ಬ ಪಾಪಿ.

ಫ್ರಿಜ್ಜಿಗೆ ಬೀಗ ಹಾಕಿದೆ. ಅಪ್ಪ ಬೀಗ ನೋಡಿ ಹೋಟೆಲಿಗೆ ಮುನಿಸಿಪಾಲಿಟಿಯವರು ಸೀಲ್ ಹಾಕಿದ್ದಾರೆಂದು ಗಾಬರಿಯಾಗಿ ಮಾಲೀಕರನ್ನು ಕಾಣಲು ಚಪ್ಪಲಿ ಮೆಟ್ಟಿದರು. ಬ್ರೂನೋನನ್ನು ಬೆಡ್‌ರೂಮಿನಲ್ಲಿ ಕೂಡಿಹಾಕಿದೆ. ಗಿರಾಕಿ ಕಾಣದ ಅಪ್ಪ ಮೂರಕ್ಕೆ ಸರಿಯಾಗಿ ಹೊರಬಾಗಿಲ ಚಿಲಕಕ್ಕೆ ಕೈಹಾಕಿದರು. ಮರುದಿನ ಬೆಳಿಗ್ಗೆ ನಾನು ತಲೆಮೇಲೆ ಕೈಹೊತ್ತು ಕುಳಿತಿದ್ದಾಗ ಶಾಲೆಗೆ ಪಾಠ ಮಾಡಲು ಹೊರಟಿದ್ದ ಹೆಂಡತಿ ಸುಮತಿ, "ಹೋಟ್ಲಲ್ಲಿ ಇಡ್ಲಿ ಮುಗಿದ್ರೆ ಅಡುಗೆಮನೆಯಿಂದ ಎಂತ ಕೂಗ್ತಾರೆ? ನೀವೂ ಅದನ್ನೇ ಕೂಗಿ. ಅಷ್ಟಕ್ಕೆಂತ ತಲೆಬಿಸಿ?" ಎಂದು ಹೇಳಿ ಲಿಫ್ಟ್ ಹತ್ತಿದಳು. ಮೂವತ್ತು ವರ್ಷದಿಂದ ನನ್ನ ಸಂಕಟಗಳಿಗೆಲ್ಲ ಹೀಗೆ ಚಪ್ಪಲಿ ಹಾಕಿಕೊಳ್ಳುತ್ತಲೇ ಪರಿಹಾರ ಹೇಳುವವಳು. ಅದು ಸರಿಯಾಗಿರುತ್ತದೆ ಎನ್ನುವುದೇ ಇನ್ನೊಂದು ಸಂಕಟ.

ಹತ್ತು ಗಂಟೆಗೆ ಅಪ್ಪ ಅಡುಗೆಮನೆಯತ್ತ ತಿರುಗಿ "ಒಂದು ಪ್ಲೇಟ್ ಇಡ್ಲಿ!" ಎಂದರು. ನಾನು ಒಳಗಿನಿಂದ "ಇಡ್ಲಿ ಖಲಾಸ್!" ಎಂದೆ. ಅಪ್ಪ ಒಪ್ಪಿಯೇಬಿಟ್ಟರು! ಒಳಗಿನವರು ಖಲಾಸ್ ಎಂದ ಮೇಲೆ ಮಾಲೀಕನೂ ಪ್ರಶ್ನೆ ಕೇಳಬಾರದು, ಅದು ಹೋಟೆಲಿನ ಕಾನೂನು. "ಸೇಠ್, ಇಡ್ಲಿ ಮುಗೀತು. ವಡೆ ಆದೀತಾ?" ಎಂದು ಬ್ರೂನೋನ ಕ್ಷಮೆ ಕೇಳಿದರು. ವಡೆ ಖಲಾಸ್. ಉಪ್ಪಿಟ್ಟು ಖಲಾಸ್. ಶಿರಾ ಖಲಾಸ್. ಚಹಾ ಕೂಡ ಖಲಾಸ್. ಪಶುವೈದ್ಯೆ ಹೇಳಿದ ಸಪ್ಪೆ ಅನ್ನ-ತರಕಾರಿಯನ್ನು ದಿನಕ್ಕೆರಡು ಸಲ ನಾನೇ "ಇವತ್ತಿನ ಸ್ಪೆಷಲ್" ಎಂದು ಕೂಗಿ ಕಳಿಸಿದೆ. ಬ್ರೂನೋನ ತೂಕ ಇಳಿಯತೊಡಗಿತು, ಅಪ್ಪ ಮನೆಯಲ್ಲೇ ಉಳಿದರು. ಸಿಕ್ಕಿಬಿದ್ದವನು ನಾನು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಒಲೆಯ ಪಕ್ಕ ನಿಂತು ಖಲಾಸ್, ಖಲಾಸ್! ಎದುರು ಫ್ಲಾಟಿನ ಹೆಂಗಸು ನಮ್ಮ ಮನೆಯಲ್ಲಿ ನಿಜಕ್ಕೂ ಅನ್ನಕ್ಕೆ ತತ್ವಾರವೆಂದು ತಿಳಿದು ಒಂದು ಡಬ್ಬಿ ಪೋಹಾ ಕಳಿಸಿದಳು. ಮಾನ ಹೋಯಿತು, ಆದರೂ ತಿಂದೆ.

ಕೂಗಿ ಕೂಗಿ ಇನ್ನೊಂದು ನಷ್ಟವಾಯಿತು. ಆಗೊಮ್ಮೆ ಈಗೊಮ್ಮೆಯಾದರೂ ನನ್ನನ್ನು ಮಗನೆಂದು ಗುರುತಿಸುತ್ತಿದ್ದ ಅಪ್ಪ, ಈಗ ಅಡುಗೆಯವನೆಂದೇ ತಿಳಿದು "ಭಟ್ರೇ" ಎನ್ನತೊಡಗಿದರು. ನಾಯಿ ಸೇಠ್, ಮಗ ಭಟ್ಟ. ನಗು ಬರಬೇಕಿತ್ತು, ಅಳು ಬಂತು. ಜೊತೆಗೆ ಕೆಟ್ಟ ಸಿಟ್ಟೂ ಬಂತು. ಮೊನ್ನೆ ಮಧ್ಯಾಹ್ನ ಹದಿಮೂರನೇ ಸಲವೋ ಏನೋ "ಮಸಾಲಾ ದೋಸೆ!" ಎಂದು ಆರ್ಡರು ಬಂದಾಗ ಸೌಟನ್ನು ಕಟ್ಟೆಗೆ ಕುಕ್ಕಿ, "ಖಲಾಸ್ ಅಂದ್ನಲ್ಲ! ಎಲ್ಲಾ ಖಲಾಸ್! ಎಷ್ಟು ಸಲ ಹೇಳ್ಬೇಕು?" ಎಂದು ಕಿರುಚಿಬಿಟ್ಟೆ. ಹೊರಗೆ ಸದ್ದೇ ಇಲ್ಲ. ಬಾಗಿಲು ತೆರೆದು ಹೋಗಿಬಿಟ್ಟರೇನೋ ಎಂದು ಓಡಿಬಂದು ಹಾಲಿಗೆ ಇಣುಕಿದೆ.

ಅಪ್ಪ ಕುರ್ಚಿ ಎಳೆದುಕೊಂಡು ಬ್ರೂನೋನ ಪಕ್ಕ ಕುಳಿತಿದ್ದರು. ಮುನಿದ ಗಿರಾಕಿಯನ್ನು ಸಮಾಧಾನಪಡಿಸುವ ದನಿಯಲ್ಲಿ, ನನಗೆ ಕೇಳಿಸಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದು ಹೇಳುತ್ತಿದ್ದರು: "ತಪ್ಪು ತಿಳ್ಕೊಳ್ಬೇಡಿ ಸೇಠ್. ಈ ಭಟ್ಟನಿಗೆ ಅಡುಗೆ ಬರುದಿಲ್ಲ, ಬಾಯಿ ಬೇರೆ ಜೋರು. ನನಗೂ ಗೊತ್ತುಂಟು. ಆದ್ರೆ ಎಂತ ಮಾಡುದು? ಉಳಿದವರೆಲ್ಲ ಹೇಳದೆ ಕೇಳದೆ ಹೋದ್ರು. ಇವ ಒಬ್ಬ ನನ್ನನ್ನು ಬಿಟ್ಟು ಹೋಗ್ಲಿಲ್ಲ. ಹಾಗಾಗಿ ಇಟ್ಕೊಂಡಿದ್ದೇನೆ."

ನಾನು ಸದ್ದಾಗದಂತೆ ಒಳಗೆ ಹೋಗಿ ಒಲೆಯ ಪಕ್ಕ ನಿಂತು ಕಣ್ಣೊರೆಸಿಕೊಂಡೆ. ಎರಡು ನಿಮಿಷವಾಗಿರಬಹುದು, ಹೊರಗಿನಿಂದ "ಒಂದು ಪ್ಲೇಟ್ ಇಡ್ಲಿ!" ಎಂದು ಕೇಳಿಸಿತು. "ಖಲಾಸ್" ಎಂದೆ, ಈ ಸಲ ಮೆಲ್ಲಗೆ. ಈ ವಯಸ್ಸಿನಲ್ಲಿ ಇದೊಂದು ಕೆಲಸ ಹೋದರೆ ನನ್ನನ್ನು ಮತ್ತೆ ಯಾರು ಇಟ್ಟುಕೊಳ್ಳುತ್ತಾರೆ?