ಮಲಗಿದ ಜ್ವರದ ಬೆನ್ನು ಹತ್ತಿ

ಆಂಧ್ರದ ಗಡಿಯ ಆದೋನಿಯ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್. ವಾರ್ಡಿನಲ್ಲಿದ್ದಷ್ಟು ದಿನ ಹೆದರಿಕೆ ಬೇರೆ, ನಗು ಬೇರೆ ಇತ್ತು. ಮಲೇರಿಯಾ ಔಷಧದ ಪ್ರಯೋಗದ ಕೆಲಸಕ್ಕೆ ನನ್ನನ್ನು ಹಾಕಿದ ಮೇಲೆ ಎರಡೂ ಒಂದೇ ಬಾಗಿಲಿಂದ ಬರತೊಡಗಿದವು. ಇವತ್ತಿಗೂ ನಿಂತಿಲ್ಲ.

ಒಂದು ಜಾತಿಯ ಮಲೇರಿಯಾ ವಾಸಿಯಾದಂತೆ ಕಂಡು, ಎಷ್ಟೋ ತಿಂಗಳ ಮೇಲೆ ಸೊಳ್ಳೆ ಕಚ್ಚದೆಯೂ ಮರಳಿ ಬರುತ್ತದೆ. ಅದರ ಹುಳ ಲಿವರಿನಲ್ಲಿ ಮಲಗಿರುತ್ತದೆ. ಅದನ್ನು ಅಲ್ಲೇ ಕೊಲ್ಲುವ ಗುಳಿಗೆ ಹದಿನಾಲ್ಕು ದಿನ ಬೇಕೋ, ಅಳತೆ ಹೆಚ್ಚಿಸಿದರೆ ಏಳೇ ದಿನ ಸಾಕೋ, ಅದನ್ನು ನೋಡುವುದೇ ನಮ್ಮ ಪ್ರಯೋಗ. ಎಲ್ಲರಿಗೂ ಹದಿನಾಲ್ಕು ದಿನ ಗುಳಿಗೆ ಕೊಡುತ್ತೇವೆ. ಕೆಲವರಿಗೆ ಮಾತ್ರ ಕೊನೆಯ ಏಳು ದಿನದವು ಔಷಧವಿಲ್ಲದ ಹುಸಿ ಗುಳಿಗೆ. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ನನಗೂ ಇಲ್ಲ, ನಮ್ಮ ಡಾಕ್ಟರಿಗೂ ಇಲ್ಲ. ಆಮೇಲೆ ಒಂದು ವರ್ಷ ಜ್ವರ ಮರಳಿತೇ ಎಂದು ವಿಚಾರಿಸುತ್ತ ಇರುವುದು ನನ್ನ ಕೆಲಸ.

೧. ಸಣ್ಣಗ ಮಾತಾಡವ್ವಾ

ಚಿಪ್ಪಗಿರಿ ಕಡೆಯ ಕುರಿ ಕಾಯುವ ಅಜ್ಜನೊಬ್ಬನಿಗೆ ಜ್ವರ ನಾಲ್ಕು ಸಲ ಮರಳಿತ್ತು. ಒಪ್ಪಿಗೆ ಪತ್ರವನ್ನು ಅವನ ಮನೆಯಲ್ಲೇ ಕೂತು ಓದಿ ಹೇಳುತ್ತಿದ್ದೆ. "ಹುಳ ಲಿವರಿನ್ಯಾಗ ಮಲಗಿರತೈತಿ" ಎನ್ನುವಲ್ಲಿಗೆ ಬಂದಾಗ ಅಜ್ಜ ಕೈ ಎತ್ತಿದ.

"ಈಗೂ ಮಲಗೇತೇನು?"

"ಹೂಂ ಅಜ್ಜ, ಮಲಗಿರಬೇಕು."

"ಹಂಗಾರ ಸಣ್ಣಗ ಮಾತಾಡವ್ವಾ" ಎಂದು ಪಿಸುಗುಟ್ಟಿದ.

ನಾನು ನಕ್ಕೆ. ಅವನು ನಗಲಿಲ್ಲ. ಒಳಗೆ ಸೊಸೆ ಖಾರ ಕುಟ್ಟುತ್ತಿದ್ದಳು. ಮಗ ಹೋಗಿ ನಿಲ್ಲಿಸಿದ. ನಾಯಿಯನ್ನು ದೂರ ಕಟ್ಟಿ ಬಂದರು. ಮನೆಮಂದಿಯೆಲ್ಲ ಉಸಿರು ಹಿಡಿದು ಅಜ್ಜನ ಬಲಗಡೆ ಪಕ್ಕೆಯನ್ನೇ ನೋಡುತ್ತ ಕೂತರು. ಉಳಿದ ಮೂರು ಪುಟ ನಾನೂ ಪಿಸುಮಾತಿನಲ್ಲೇ ಓದಿದೆ. ಓದುತ್ತ ಓದುತ್ತ, ಅಜ್ಜನ ಅಂಗಿಯ ಕೆಳಗೆ ಇನ್ನೊಬ್ಬರು ಕಿವಿಗೊಟ್ಟು ಕೇಳುತ್ತಿದ್ದಾರೆ ಅನ್ನಿಸಿ ನಡುಹಗಲಲ್ಲೇ ಬೆನ್ನು ತಣ್ಣಗಾಯಿತು.

ಅಷ್ಟರಲ್ಲಿ ಡಾಕ್ಟರ ಫೋನ್ ಬಂತು. ಅಂಗಳಕ್ಕೆ ಓಡಿ ಎತ್ತಿ ಸಣ್ಣಗೆ ಹಲೋ ಎಂದೆ.

"ಯಾಕಮ್ಮಾ ಹಂಗ ಮಾತಾಡ್ತಿ? ಏಮೈಂದಿ, ಏನಾತು?"

"ಸರ್, ಅದು ಮಲಗೇತಿ" ಎಂದೆ, ಪಿಸುಮಾತಿನಲ್ಲೇ.

ಆ ಕಡೆಯಿಂದ ಡಾಕ್ಟರೂ ಪಿಸುಗುಟ್ಟಿದರು: "ಎವರು? ಯಾರು?"

೨. ಒಳಗ ಯಾರೂ ಇಲ್ಲ

ಪೆದ್ದಹರಿವಾಣದ ಹೆಣ್ಣುಮಗಳೊಬ್ಬಳು ದಿನಾ ನನ್ನೆದುರಿಗೇ ಗುಳಿಗೆ ನುಂಗಬೇಕಿತ್ತು. ಏಳು ದಿನ ಸುಮ್ಮನೆ ನುಂಗಿದಳು. ಎಂಟನೆಯ ದಿನ ಗುಳಿಗೆಯನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿ, ಕಿವಿಯ ಹತ್ತಿರ ಹಿಡಿದಳು.

"ಅಕ್ಕಾ, ಇದರಾಗ ಯಾರೂ ಇಲ್ಲ."

ಅದೇ ಬಣ್ಣ, ಅದೇ ಗಾತ್ರ, ಗುಳಿಗೆಯ ಪಟ್ಟಿಯೂ ಅದೇ. "ನಿನ್ನಿ ಗುಳಿಗ್ಯಾಗ ಇದ್ರೇನು?" ಎಂದೆ.

"ನಿನ್ನಿ ತನಕ ಇದ್ರು" ಎಂದು ತಣ್ಣಗೆ ಹೇಳಿ ನುಂಗಿ ನೀರು ಕುಡಿದಳು.

ಡಾಕ್ಟರಿಗೆ ಹೇಳಿದರೆ, "ಅದನ್ನೆಲ್ಲ ನನಗ ಹೇಳಬ್ಯಾಡ, ನನಗ ಗೊತ್ತಾಗಬಾರದು" ಎಂದು ಕಿವಿ ಮುಚ್ಚಿಕೊಂಡರು. ಮರುದಿನ ಮಾತ್ರ ತಾವೇ ಜೀಪು ಹತ್ತಿದರು. ಅವಳ ಮುಂದೆ ಕೂತು, ಜೇಬಿನಲ್ಲಿದ್ದ ಪಟ್ಟಿಯಿಂದ ತಮ್ಮ ಬಿಪಿ ಗುಳಿಗೆ ಒಂದನ್ನು ತೆಗೆದು ಕೊಟ್ಟರು. "ಇದರಾಗ ಯಾರರ ಅದಾರೇನು ನೋಡಮ್ಮಾ."

ಅವಳು ಕಿವಿಗೆ ಹಿಡಿದಳು. "ಅದಾರ್ರೀ. ಆದ್ರ ಭಾಳ ವಯಸ್ಸಾಗೇತಿ."

ಡಾಕ್ಟರು ನಕ್ಕರು. ಜೀಪಿನಲ್ಲಿ ಕನ್ನಡಕ ಹಾಕಿಕೊಂಡು ಪಟ್ಟಿಯ ಹಿಂಭಾಗ ಓದಿದರು. ಅದರ ಅವಧಿ ಮುಗಿದು ಎಂಟು ತಿಂಗಳಾಗಿತ್ತು.

೩. ಹೊಳಿ ಆಚೆ

ಮಾಧವರಂನ ಒಬ್ಬಾತ ತಾನಾಗಿಯೇ ಬಂದು ಪ್ರಯೋಗಕ್ಕೆ ಹೆಸರು ಬರೆಸಿದ್ದ. ಐದನೆಯ ತಿಂಗಳು ವಿಚಾರಿಸಲು ಫೋನ್ ಮಾಡಿದೆ. ಹೆಂಡತಿ ಎತ್ತಿದಳು, ತೆಲುಗಿನ ಕಡೆಯವಳು.

"ಆಯನ ಪೋಯಿನಾಡಮ್ಮಾ."

ಅವರು ಹೋದರು ಅಂತ. ಹೋದ ಅಂದರೆ ಊರಿಗೆ ಹೋದದ್ದೂ ಹೌದು, ಲೋಕ ಬಿಟ್ಟು ಹೋದದ್ದೂ ಹೌದು. ತೆಲುಗಿನಲ್ಲೂ ಹಾಗೇ, ನಮ್ಮಲ್ಲೂ ಹಾಗೇ. "ಎಲ್ಲಿಗಮ್ಮಾ?" ಎಂದು ಅಳುಕುತ್ತ ಕೇಳಿದೆ.

"ಹೊಳಿ ಆಚೆ" ಎಂದಳು. ಅವಳ ಗಂಟಲು ಕಟ್ಟಿತು, ಬಿಕ್ಕಿದಂತಾಯಿತು, ಫೋನ್ ಕಡಿಯಿತು. ಆಮೇಲೆ ಎಷ್ಟು ಸಲ ಹಚ್ಚಿದರೂ ಎತ್ತಲಿಲ್ಲ.

ಪ್ರಯೋಗದಲ್ಲಿರುವವರು ಸತ್ತರೆ ಒಂದು ದಿನದೊಳಗೆ ಮೇಲಿನವರಿಗೆ ತಿಳಿಸಬೇಕು. ಡಾಕ್ಟರ ಮುಖ ಬಿಳಿಚಿತು. "ನಮ್ಮ ಗುಳಿಗಿಯಿಂದಾನಾ?" ಎಂದು ಕೇಳಿದರು. ಅವತ್ತು ಇಬ್ಬರೂ ಊಟ ಮಾಡಲಿಲ್ಲ. ಕಂಪ್ಯೂಟರಿನಲ್ಲಿ 'ಘಟನೆ: ಸಾವು' ಎಂದು ತುಂಬಿಸಿ, ಮರುದಿನ ಬೆಳಿಗ್ಗೆ ಮಾಧವರಂಗೆ ಹೋದೆವು.

ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಎದುರಿನ ಗೋಡೆಯ ಮೇಲೆ ಅವನ ಫೋಟೋ, ಹಾರ, ಕೆಳಗೆ ಉರಿಯುವ ದೀಪ. ಡಾಕ್ಟರು ಚಪ್ಪಲಿ ಬಿಟ್ಟು ಕೈ ಮುಗಿದು ನಿಂತರು.

"ಅಕ್ಕಾ, ಯಾವಾಗ ಬಂದ್ರಿ?" ಎಂದಿತು ಹಿಂದಿನಿಂದ ಒಂದು ದನಿ.

ತಿರುಗಿದರೆ ಬಾಗಿಲಲ್ಲಿ ಫೋಟೋದ ಮುಖವೇ ನಿಂತಿದೆ. ಡಾಕ್ಟರು ನನ್ನ ಕೈ ಹಿಡಿದರು. ಚಹಾ ಬಂದ ಮೇಲೂ ಬಿಡಲಿಲ್ಲ.

ಫೋಟೋ ಅವನ ಅಣ್ಣನದು, ಇಬ್ಬರದೂ ಒಂದೇ ಅಚ್ಚಿನ ಮುಖ. ಇದೇ ಜ್ವರ ಐದು ಸಲ ಬಂದು ಹೋಗಿ, ಆರನೆಯ ಸಲ ಅವನನ್ನು ಒಯ್ದಿತ್ತು. "ಅದಕ್ಕ ನಾ ನಿಮ್ಮ ಹತ್ರ ಬಂದಿದ್ದು" ಎಂದ. ಮೊನ್ನೆ ಹೊಳೆಯಾಚೆ ಹೋದದ್ದು, ಸೇತುವೆ ದಾಟಿ ರಾಯಚೂರು ಸೀಮೆಯ ತಂಗಿ ಮನೆಗೆ. ಹೆಂಡತಿಯ ಗಂಟಲು ಕಟ್ಟಿದ್ದು ಮೆಣಸಿನಕಾಯಿ ಒಗ್ಗರಣೆಯ ಘಾಟಿಗೆ. ಫೋನ್ ಕೈಜಾರಿ ನೀರಿನ ಕೊಡಕ್ಕೆ ಬಿದ್ದಿತ್ತು.

ವಾಪಸು ಬಂದು ನೋಡಿದರೆ ಕಂಪ್ಯೂಟರು ಸಾವನ್ನು ಅಳಿಸಲು ಬಿಡಲೊಲ್ಲದು. ಫಲಿತಾಂಶ ತುಂಬಿಸಿ ಎನ್ನುತ್ತದೆ. ಅದಕ್ಕಿರುವವು ಮೂರೇ ಉತ್ತರ: ಗುಣವಾಯಿತು, ಗುಣವಾಗಿಲ್ಲ, ಗೊತ್ತಿಲ್ಲ. ಡಾಕ್ಟರು ಬಹಳ ಹೊತ್ತು ಯೋಚಿಸಿ ಮೊದಲನೆಯದನ್ನು ಒತ್ತಿದರು.

ಮುಂದಿನ ತಿಂಗಳು ಅದನ್ನು ಅಚ್ಚು ಹಾಕಿದ ಹಾಳೆಗೆ ಅವನ ಸಹಿ ತರಲು ಹೋದೆ. ಅಕ್ಷರ ಕೂಡಿಸಿ ಜೋರಾಗಿ ಓದಿದ: "ಘಟನೆ, ಸಾವು. ಫಲಿತಾಂಶ, ಗುಣವಾಯಿತು." ಇನ್ನೊಮ್ಮೆ ಓದಿದ. ಸಹಿ ಹಾಕಿ, ಗೋಡೆಯ ಮೇಲಿನ ಅಣ್ಣನನ್ನು ಒಂದು ಗಳಿಗೆ ನೋಡಿ, ನನ್ನ ಕಡೆ ತಿರುಗಿದ.

"ಇಷ್ಟು ಚಲೋ ಗುಳಿಗಿ, ನಮ್ಮಣ್ಣ ಇದ್ದಾಗ ಬರಬೇಕಾಗಿತ್ತು ನೋಡ್ರಿ."