ಚಿತ್ತವಾಡ್ಗಿಯಲ್ಲಿ ಹನ್ನೊಂದು ಗಂಟೆಯ ಸೂರ್ಯಾಸ್ತ

೨೦೦೭ನೇ ಇಸವಿಯಿಂದ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಸೂರ್ಯ ದಿನಕ್ಕೆ ಎರಡು ಸಲ ಮುಳುಗುತ್ತಾನೆ. ಮೊದಲನೆಯದು ಬೆಳಗ್ಗೆ ಹನ್ನೊಂದಕ್ಕೆ. ಇದಕ್ಕೆ ಮಸೀದಿ ಕಮಿಟಿಯ ಠರಾವಿದೆ.

ಇದೆಲ್ಲ ಶುರುವಾದದ್ದು ಇಂಟರ್ನೆಟ್ ಅಂಗಡಿಯ ಹೊನ್ನೂರ್‌ಸಾಬನಿಂದ. ಶಾಲೆ ಓಣಿಯಲ್ಲಿ ನುಗ್ಗುವ ಅದಿರು ಲಾರಿಗಳ ಕೆಂಪು ಧೂಳಿಗೆ ಅವನ ಮಗಳು ಮಾಬುನ್ನಿ ಕೆಮ್ಮಿ ಕೆಮ್ಮಿ ಸಣ್ಣಗಾಗಿದ್ದಳು. ಒಂದು ದಿನ ಬೆಳಗ್ಗೆ ಹನ್ನೊಂದಕ್ಕೆ, ಲಾರಿಗಳು ಸಾಲುಗಟ್ಟಿ ಬರುವ ಹೊತ್ತಿಗೆ, ಅವನು ಒಂದು ಲಾರಿಯ ಫೋಟೊ ತೆಗೆದ. ಆರ್ಕುಟ್ ಜಾಲತಾಣಕ್ಕೆ ಹಾಕಿದರೆ ದೊಡ್ಡ ಸಾಹೇಬರು ಯಾರಾದರೂ ನೋಡಿ ಲಾರಿ ನಿಲ್ಲಿಸಿಯಾರು ಎಂಬ ಆಸೆ.

ಹಿಂದಿನ ಶುಕ್ರವಾರವಷ್ಟೇ ಮಸೀದಿಯ ಗುರುಗಳಾದ ಹಜರತರು ಇಂಟರ್ನೆಟ್ ಬಗ್ಗೆ ಮೂರು ಮಾತು ಹೇಳಿದ್ದರು. ವಿಚಾರಿಸದೆ ಏನನ್ನೂ ಹರಡಬೇಡಿ. ಇನ್ನೊಬ್ಬರ ಐಬು, ಕುಂದುಕೊರತೆ ಮುಚ್ಚಿ. ಆದರೆ ಜನಕ್ಕೆ ಅನ್ಯಾಯವಾಗುತ್ತಿದ್ದರೆ ಸುಮ್ಮನಿರಬೇಡಿ. ಅದರ ನಡಾವಳಿ ಬರೆಯುತ್ತಿದ್ದ ಕಮಿಟಿ ಅಧ್ಯಕ್ಷ ಬುಡೇನ್‌ಸಾಬರ ಪೆನ್ನು ಎರಡನೇ ಮಾತಿಗೇ ಖಾಲಿಯಾಯಿತು. ಅವರಿಗೆ ಒಂಬತ್ತು ಲಾರಿಗಳಿದ್ದವು. ಪೆನ್ನಿಗೂ ಲಾರಿಗೂ ಸಂಬಂಧವಿಲ್ಲವೆಂದು ಕಮಿಟಿ ವಿಚಾರಿಸಿ ಖಚಿತಪಡಿಸಿಕೊಂಡಿದೆ.

ಹೊನ್ನೂರ್‌ಸಾಬ್ ದೇವರಿಗೆ ಹೆದರುವ ಮನುಷ್ಯ. ಫೋಟೊ ಹಾಕುವ ಮುಂಚೆ ಕಮಿಟಿಯನ್ನೇ ವಿಚಾರಿಸಲು ಹೋದ.

"ನಂಬರ್ ಪ್ಲೇಟ್ ಕಾಣ್ತೈತಲ್ಲೋ! ಐಬು ಮುಚ್ಚಬೇಕು, ಕತ್ತರಿಸು," ಎಂದರು ಬುಡೇನ್‌ಸಾಬ್.

ಕತ್ತರಿಸಿದ.

"ಡ್ರೈವರನ ಒಪ್ಪಿಗಿ ತಗೊಂಡಿಯೇನು?"

ಫೋಟೊದಿಂದ ಡ್ರೈವರನೂ ಹೋದ. ಹಿಂದೆಯೇ ಲಾರಿಯೂ ಹೋಯಿತು.

"ಚಾಚಾ, ಲಾರಿ ಇಲ್ದ ಧೂಳು ಎಲ್ಲಿಂದ ಬಂತು ಅಂತ ಜನ ಕೇಳ್ತಾರ್ರಿ."

"ಕೇಳ್ಲಿ ಬಿಡು. ವಿಚಾರಿಸೋದು ಭಾಳ ಒಳ್ಳೇದು."

ಅಲ್ಲೇ ಇದ್ದ ಹಜರತರು, "ಮೂರನೇ ಮಾತೂ ಹೇಳಿದ್ನಲ್ರಿ," ಎಂದರು.

"ನಡಾವಳಿಯೊಳಗ ಇಲ್ರಿ ಹಜರತ್," ಎಂದು ಬುಡೇನ್‌ಸಾಬ್ ವಿನಯದಿಂದ ಪುಸ್ತಕ ತೋರಿಸಿದರು.

ಫೋಟೊದಲ್ಲಿ ಉಳಿದದ್ದು ಧೂಳಿನ ಕೆಂಪು ಆಕಾಶ ಮತ್ತು ಮಂಕು ಸೂರ್ಯ. 'ನಮ್ಮ ಓಣಿಯ ಸೂರ್ಯಾಸ್ತ, ವಿಚಾರಿಸಲಾಗಿದೆ' ಎಂದು ಬರೆದು ಕಮಿಟಿಯೇ ಅದನ್ನು ಆರ್ಕುಟ್‌ಗೆ ಹಾಕಿತು. ಹಂಪಿಗೆ ಬಂದ ಪ್ರವಾಸಿಗರನ್ನು ಆಟೊ ಜಂಬಪ್ಪ, "ಜಲ್ದಿ ಹತ್ರಿ, ಹನ್ನೊಂದಕ್ಕ ಮಸ್ತ್ ಮುಳುಗ್ತೈತಿ," ಎಂದು ಕರೆತರತೊಡಗಿದ. ಕಮಿಟಿ ಬೆಂಚು ಹಾಕಿಸಿತು.

"ಲಾರಿ ಯಾವಾಗ ನಿಲ್ತಾವ್ರಿ ಚಾಚಾ?" ಹೊನ್ನೂರ್‌ಸಾಬ್ ಕೇಳಿದ.

"ಲಾರಿ ನಿಂತ್ರ ಸೂರ್ಯ ಹೆಂಗ ಮುಳುಗ್ತಾನಲೇ?"

ಮಾತು ಎಲ್ಲರಿಗೂ ಸರಿ ಕಂಡಿತು. ಮಳೆಗೆ ಧೂಳು ಕೂರುವ ದಿನಗಳಿಗೆಂದು ಬುಡೇನ್‌ಸಾಬರ ಇನ್ನೆರಡು ಲಾರಿ ಮಂಜೂರಾದವು. ಶಾಲೆಯವರು ಹನ್ನೊಂದಕ್ಕೆ ಗಂಟೆ ಹೊಡೆದು ಮಕ್ಕಳನ್ನು ಸೂರ್ಯಾಸ್ತ ನೋಡಲು ಬಿಡುತ್ತಾರೆ. ಕೆಮ್ಮುವ ಮಕ್ಕಳಿಗೆ ಮುಂದಿನ ಬೆಂಚು ಮೀಸಲು. ಮಾಬುನ್ನಿಯ ಮೂಗಿಗೆ ಕರವಸ್ತ್ರ ಕಟ್ಟಿ, ಅಲ್ಲಿ ಕೂರಿಸಿ, ಹೊನ್ನೂರ್‌ಸಾಬ್ ದಿನಾ ಒಂದು ಫೋಟೊ ತೆಗೆಯುತ್ತಾನೆ. ನಂಬರ್ ಪ್ಲೇಟ್ ಬಾರದ ಹಾಗೆ.